ಅವ್ವ ಕುಡಿದ ಶೇಂದಿ ಮೊಮ್ಮಗನ ಕಣ್ಣಿಗೆ ಇಳಿಯುತ್ತದೆಯೇ?

ಪ್ರಶ್ನೆ: ಸಿಂಧನೂರು ತಾಲೂಕಿನ ಹಳ್ಳಿಯೊಂದರಿಂದ 26 ವರ್ಷದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಮುಖ್ಯ ಭಾಗವನ್ನು ಅವರ ಮಾತಿನಲ್ಲೇ ಕೊಡುತ್ತೇನೆ.

“ನಮ್ಮವ್ವ ಭತ್ತದ ನಾಟಿ ಹಚ್ಚಾಕ ಹೋಗ್ತಿದ್ಲು. ಮುಂಜಾನಿಂದ ಸಂಜಿತನಕ ಕೆಸರಾಗ ಬಗ್ಗಿ ಸೊಂಟ ಹಿಡೀತಿತ್ತು. ಮೈನೋವು ಇಳೀಲಿ ಅಂತ ಬ್ಯಾರೆ ಹೆಣ್ಣಾಳುಗಳ ಜೋಡಿ ಸಂಜಿಗೆ ಶೇಂದಿ ಕುಡೀತಿದ್ಲು. ನಾನು ಹೊಟ್ಟ್ಯಾಗಿದ್ದಾಗೂ ಕುಡದಾಳ. ಆಕೀನೇ ಹೇಳ್ಯಾಳ, ಮುಚ್ಚಿಟ್ಟಿಲ್ಲ. ನನ್ನ ಕಣ್ಣು ಹುಟ್ಟಿದಾಗಿಂದ ಸಣ್ಣವು. ಬಲಗಣ್ಣಿಗೆ ಮೈನಸ್ 9 ಚಸ್ಮಾ. ಎಡಗಣ್ಣಿಗೆ ಯಾವ ಗ್ಲಾಸು ಹಾಕಿದ್ರೂ ಮಬ್ಬು. ಈಗ ನಾಕು ವರ್ಷದ ಮಗನ ಬಲಗಣ್ಣು ಮೂಗಿನ ಕಡಿ ತಿರಗ್ತದ, ಮೊಬೈಲ್ ನೋಡುವಾಗ ಭಾಳ. ನಮ್ಮತ್ತಿ, ‘ಅವ್ವಂದು ಮಗಳಿಗೆ ಬಂತು, ಮಗಳದು ಮೊಮ್ಮಗನಿಗೆ ಬಂತು, ಕುಡದ ರಕ್ತ ಮೂರು ತಲಿ ಬಿಡಂಗಿಲ್ಲ’ ಅಂತಾಳ. ನಾನು ಮತ್ತ ಬಸರಿದ್ದೀನಿ, ಹತ್ತು ವಾರ. ಗೊತ್ತಾಗೂಕಿಂತ ಮೊದಲ ಜಾತ್ರ್ಯಾಗ ಎರಡು ಸಲ ಒಂದೊಂದು ಗ್ಲಾಸು ಬೀರು ಕುಡದೀನಿ. ತೆಗಿಸಿಬಿಡೂದು ಚಲೋ ಅಂತಾರ ಮನ್ಯಾಗ. ನಮ್ಮವ್ವ ಕುಡದದ್ದು ನನ್ನ ಮಕ್ಕಳ ಕಣ್ಣಿಗೆ ಬರ್ತದೇನ್ರಿ? ಈ ಮಾತು ಕೇಳಿದಾಗಿಂದ ಅವ್ವ ಸರಿಯಾಗಿ ಉಂಡಿಲ್ಲ.”

ಗಂಡ ತಮ್ಮ ಸೋದರತ್ತೆಯ ಮಗ, ಅವರಿಗೂ ಕುಡಿಯುವ ಅಭ್ಯಾಸವಿದೆ, ಅವ್ವನಿಗೆ ಈಗ ಐವತ್ತರ ಹತ್ತಿರ, ಇತ್ತೀಚೆಗೆ ಸಂಜೆ ಹೊತ್ತು ಕಣ್ಣು ಮಂಜಾಗುತ್ತಿದೆ ಎಂದೂ ಬರೆದಿದ್ದಾರೆ.

ಉತ್ತರ: ತಡ ಮಾಡಬಾರದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿರುವ ಯಾವ ಕಾರಣಕ್ಕೂ ಬಸಿರು ತೆಗೆಸಬೇಕಾಗಿಲ್ಲ. ಅವ್ವ ಕುಡಿದದ್ದಕ್ಕೂ ಬೇಡ, ಮಗನ ಕಣ್ಣಿಗಾಗಿಯೂ ಬೇಡ, ಜಾತ್ರೆಯ ಎರಡು ಗ್ಲಾಸು ಬೀರಿಗೂ ಬೇಡ. ಕಾನೂನಿನ ಪ್ರಕಾರ ಈ ತೀರ್ಮಾನ ನಿಮ್ಮದು. ನಿಮ್ಮ ಒಪ್ಪಿಗೆ ಇಲ್ಲದೆ ಮನೆಯವರು ಯಾರೂ ಅದನ್ನು ಮಾಡಿಸುವಂತಿಲ್ಲ. ಇನ್ನು ಉಳಿದದ್ದನ್ನು ಸಮಾಧಾನದಿಂದ ಮಾತಾಡೋಣ.

ನೀವು ಕೇಳಿದ್ದು ಒಂದೇ ಪ್ರಶ್ನೆ. ಆದರೆ ಅದರೊಳಗೆ ಮೂವರ ಕಣ್ಣು ಗಂಟು ಬಿದ್ದಿವೆ: ನಿಮ್ಮದು, ಮಗನದು, ಇನ್ನೂ ಹುಟ್ಟದ ಕೂಸಿನದು. ಅತ್ತೆಯವರು ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದಾರೆ. ಮೂರೂ ಬೇರೆ ಬೇರೆ ಇರುವ ಸಾಧ್ಯತೆಯೇ ಹೆಚ್ಚು ಎಂದು ಇಷ್ಟು ವರ್ಷ ಈ ಭಾಗದ ಮಕ್ಕಳ ಕಣ್ಣು ನೋಡಿದ ನನಗೆ ಅನ್ನಿಸುತ್ತದೆ.

ಬಸಿರಲ್ಲಿ ಕುಡಿದರೆ ಮಗುವಿನ ಕಣ್ಣಿಗೆ ತೊಂದರೆ ಆಗಬಹುದು ಎನ್ನುವುದು ಸುಳ್ಳಲ್ಲ. ಅದು ನಿಜ. 1968ರಲ್ಲಿ ಫ್ರಾನ್ಸಿನ ನಾಂತ್ ಊರಿನ ಮಕ್ಕಳ ವೈದ್ಯ ಪಾಲ್ ಲೆಮ್ವಾನ್, ಕುಡಿಯುವ ತಾಯಂದಿರಿಗೆ ಹುಟ್ಟಿದ 127 ಮಕ್ಕಳನ್ನು ನೋಡಿ ಅವರ ಮುಖಚಹರೆಯಲ್ಲಿ, ಬೆಳವಣಿಗೆಯಲ್ಲಿ ಒಂದೇ ಬಗೆಯ ಹೋಲಿಕೆ ಇದೆ ಎಂದು ಬರೆದರು. ಆಗ ಯಾರೂ ಹೆಚ್ಚು ಗಮನ ಕೊಡಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಅದನ್ನೇ ಸ್ವತಂತ್ರವಾಗಿ ಗುರುತಿಸಿ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಈ ಮಕ್ಕಳಲ್ಲಿ ಕಣ್ಣಿನ ಸೀಳು, ಅಂದರೆ ಮೂಗಿನ ಕಡೆಯ ತುದಿಯಿಂದ ಕಿವಿಯ ಕಡೆಯ ತುದಿಯವರೆಗಿನ ಉದ್ದ, ಕಡಿಮೆ ಇರುತ್ತದೆ. ಮೂಗಿನ ಕೆಳಗೆ ತುಟಿಯವರೆಗೆ ಇಳಿಯುವ ಗೀರು ಸಪಾಟಾಗಿರುತ್ತದೆ. ಮೇಲ್ದುಟಿ ತೆಳ್ಳಗಿರುತ್ತದೆ. ಕಣ್ಣಿನ ಒಳಗಿನ ಕಥೆಯನ್ನು ಹೆಚ್ಚು ಬಿಡಿಸಿದವರು ಸ್ವೀಡನ್ನಿನ ಗೊಥೆನ್‌ಬರ್ಗ್‌ನ ಕಣ್ಣಿನ ವೈದ್ಯೆ ಶೆರ್‌ಸ್ಟಿನ್ ಸ್ಟ್ರೋಮ್‌ಲಂಡ್. ಈ ಸಿಂಡ್ರೋಮ್ ಇದ್ದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಣ್ಣಿನಿಂದ ಮಿದುಳಿಗೆ ಹೋಗುವ ನರವೇ ಸಣ್ಣದಾಗಿ ಬೆಳೆದಿದ್ದನ್ನು ಅವರು ಕಂಡರು. ಕಣ್ಣಿನ ಹಿಂಬದಿಯಲ್ಲಿ ಚಿತ್ರ ಮೂಡುವ ಪರದೆಯಾದ ರೆಟಿನಾದ ರಕ್ತನಾಳಗಳು ನೆಟ್ಟಗಿರದೆ ಹಾವಿನಂತೆ ಸುತ್ತಿಕೊಂಡಿರುವುದನ್ನೂ ಕಂಡರು. ಮೆಳ್ಳಗಣ್ಣು, ದೊಡ್ಡ ನಂಬರಿನ ಚಸ್ಮಾ, ರೆಪ್ಪೆ ಜೋತುಬೀಳುವುದು ಕೂಡ ಈ ಮಕ್ಕಳಲ್ಲಿ ಹೆಚ್ಚು.

ಹೀಗಾಗುವುದೇಕೆ? ತಾಯಿ ಕುಡಿದ ಆಲ್ಕೋಹಾಲಿಗೆ ಮಾಸು ಅಡ್ಡಗೋಡೆಯಲ್ಲ. ಸ್ವಲ್ಪ ಹೊತ್ತಿನಲ್ಲೇ ತಾಯಿಯ ರಕ್ತದಲ್ಲಿದ್ದಷ್ಟು ಕೂಸಿನ ರಕ್ತದಲ್ಲೂ ಇರುತ್ತದೆ. ಅದನ್ನು ಕರಗಿಸುವ ಶಕ್ತಿ ಕೂಸಿನ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲ. ಅದು ಸುತ್ತಲಿನ ನೀರಿಗೂ ಸೇರಿ, ತಾಯಿಗೆ ಅಮಲಿಳಿದ ಮೇಲೂ ಕೂಸಿನ ಹತ್ತಿರ ಉಳಿದಿರುತ್ತದೆ. ಕಣ್ಣು ಮೂಡುವುದು ತೀರ ಮೊದಲಲ್ಲೇ. ಗರ್ಭ ಕಟ್ಟಿದ ಸುಮಾರು 22ನೇ ದಿನಕ್ಕೆ, ಅಂದರೆ ‘ಮುಟ್ಟು ಒಂದು ವಾರ ತಡವಾಯಿತಲ್ಲ’ ಎಂದು ಹೆಣ್ಣುಮಗಳು ಲೆಕ್ಕ ಹಾಕುವ ಹೊತ್ತಿಗೆ, ತಲೆಯಾಗಬೇಕಾದ ಜಾಗದಲ್ಲಿ ಎರಡು ಸಣ್ಣ ಗುಳಿಗಳು ಬೀಳುತ್ತವೆ. ಅವೇ ಮುಂದೆ ಕಣ್ಣಾಗುತ್ತವೆ. ಏಳನೇ ವಾರದ ಹೊತ್ತಿಗೆ ಕಣ್ಣಿನ ಬಟ್ಟಲಿನ ಕೆಳಗಿನ ಸೀಳು ಹೊಲಿಗೆ ಹಾಕಿದಂತೆ ಕೂಡಿಕೊಳ್ಳುತ್ತದೆ. ಈ ಎಲ್ಲ ಕೆಲಸಕ್ಕೂ ಎ ಜೀವಸತ್ವದಿಂದ ತಯಾರಾಗುವ ರೆಟಿನೋಯಿಕ್ ಆಮ್ಲ ಬೇಕು. ಆಲ್ಕೋಹಾಲನ್ನು ಕರಗಿಸುವ ಕಿಣ್ವಗಳೂ ಎ ಜೀವಸತ್ವವನ್ನು ರೆಟಿನೋಯಿಕ್ ಆಮ್ಲವಾಗಿಸುವ ಕಿಣ್ವಗಳೂ ಒಂದೇ ಮನೆತನದವು. ಅವು ಆಲ್ಕೋಹಾಲಿನ ಬೆನ್ನು ಹತ್ತಿದರೆ ಕಣ್ಣಿನ ಕೆಲಸ ಹಿಂದೆ ಬೀಳುತ್ತದೆ. ಮುಖ, ಕಣ್ಣುಗಳನ್ನು ಕಟ್ಟಲು ಹೊರಟ ಜೀವಕೋಶಗಳಲ್ಲಿ ಒಂದಷ್ಟು ದಾರಿಯಲ್ಲೇ ಸಾಯುತ್ತವೆ. 1981ರಲ್ಲಿ ಕ್ಯಾಥ್ಲೀನ್ ಸೂಲಿಕ್ ಬಸಿರಿ ಇಲಿಗಳಿಗೆ ಒಂದೇ ದಿನ ಹೆಚ್ಚು ಪ್ರಮಾಣದ ಆಲ್ಕೋಹಾಲ್ ಕೊಟ್ಟು, ಮರಿಗಳಲ್ಲಿ ಇದೇ ಮುಖ, ಇದೇ ಸಣ್ಣ ಕಣ್ಣು ಬರುವುದನ್ನು ತೋರಿಸಿದರು. ಆ ದಿನ ಮನುಷ್ಯರ ಬಸಿರಿನ ಮೂರನೇ ವಾರಕ್ಕೆ ಸಮ.

ಕಣ್ಣಿನ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ದೊಡ್ಡವರಾದಾಗ ಒಂದು ಕಣ್ಣಿನ ನರದಲ್ಲಿ ಸುಮಾರು 12 ಲಕ್ಷ ತಂತುಗಳಿರುತ್ತವೆ. ಅವು ಬೆಳೆದು, ಹೆಚ್ಚಾದವು ಉದುರಿ, ಉಳಿದವು ನೆಲೆಗೊಳ್ಳುವುದು ಬಸಿರಿನ ನಡುವಿನ ತಿಂಗಳುಗಳಲ್ಲಿ. ರೆಟಿನಾದ ನಡುಭಾಗ ಹುಟ್ಟಿದ ಮೇಲೂ ಕೆಲವು ವರ್ಷ ಮಾಗುತ್ತಲೇ ಇರುತ್ತದೆ. ಆದ್ದರಿಂದ ‘ಮೂರು ತಿಂಗಳು ದಾಟಿತು, ಇನ್ನು ಕುಡಿದರೂ ನಡೀತದೆ’ ಎನ್ನುವ ಮಾತು ತಪ್ಪು. ‘ಮೊದಲೇ ಕುಡಿದಾಗಿದೆ, ಇನ್ನು ಬಿಟ್ಟು ಏನು ಪ್ರಯೋಜನ’ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಯಾವ ತಿಂಗಳಲ್ಲಿ ಬಿಟ್ಟರೂ ಅಲ್ಲಿಂದ ಮುಂದಿನದು ಉಳಿಯುತ್ತದೆ.

ಈಗ ನಿಮ್ಮ ಕಣ್ಣು. ಅವ್ವನ ಶೇಂದಿಯೇ ಕಾರಣ ಇರಬಹುದೇ? ಇರಬಹುದು. ಆದರೆ ‘ಸಣ್ಣ ಕಣ್ಣು’ ಎನ್ನುವ ಮಾತಿನಿಂದ ಏನೂ ತೀರ್ಮಾನವಾಗುವುದಿಲ್ಲ. ನಮ್ಮಲ್ಲಿಗೆ ಬಂದರೆ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ನಿಮ್ಮ ಕೆನ್ನೆಯ ಮೇಲೆ ಹಿಡಿದು, ಕಣ್ಣಿನ ಎರಡು ತುದಿಗಳ ನಡುವೆ ಎಷ್ಟು ಮಿಲಿಮೀಟರ್ ಎಂದು ಅಳೆಯುತ್ತೇವೆ. ಮೈನಸ್ 9 ಗ್ಲಾಸಿನ ಹಿಂದೆ ಎಂಥ ಕಣ್ಣೂ ಸಣ್ಣದಾಗಿ ಕಾಣುತ್ತದೆ, ಆದ್ದರಿಂದ ಚಸ್ಮಾ ತೆಗೆದೇ ಅಳೆಯಬೇಕು. ತುಟಿ, ಮೂಗಿನ ಕೆಳಗಿನ ಗೀರು ನೋಡುತ್ತೇವೆ. ಶಾಲೆಯಲ್ಲಿ ಓದು ಹೇಗಿತ್ತು, ಲೆಕ್ಕ ಬರುತ್ತಿತ್ತೇ ಎಂದು ಕೇಳುತ್ತೇವೆ, ಯಾಕೆಂದರೆ ಈ ತೊಂದರೆ ಬರೀ ಕಣ್ಣಿನದಾಗಿರುವುದು ಅಪರೂಪ, ಮಿದುಳಿನ ಕಡೆಯ ಗುರುತುಗಳೂ ಇರುತ್ತವೆ. ನಾಲ್ಕು ಪುಟವನ್ನು ಇಷ್ಟು ಸ್ಪಷ್ಟವಾಗಿ, ತಾರೀಖು ಸಮೇತ ಬರೆದವರು ನೀವು. ಅದೂ ಒಂದು ಸುಳಿವೇ.

ಎಲ್ಲಕ್ಕಿಂತ ಮುಖ್ಯ ನಿಮ್ಮ ಎಡಗಣ್ಣು. ಗ್ಲಾಸಿಗೆ ಮಾತು ಕೇಳದ ಕಣ್ಣಿನ ಒಳಗೆ ನೋಡಲೇಬೇಕು. ಕಪ್ಪುಗುಡ್ಡೆಯ ಕಿಂಡಿಯನ್ನು ಹನಿ ಹಾಕಿ ದೊಡ್ಡದು ಮಾಡಿ ಒಳಗೆ ಬೆಳಕು ಬಿಟ್ಟಾಗ, ನರ ಹೊರಡುವ ಜಾಗ ಸಾಮಾನ್ಯವಾಗಿ ತಿಳಿಗೆಂಪು ಬಿಲ್ಲೆಯಂತೆ ಕಾಣುತ್ತದೆ. ನರ ಸಣ್ಣದಾಗಿ ಬೆಳೆದಿದ್ದರೆ ಆ ಬಿಲ್ಲೆ ಚಿಕ್ಕದಾಗಿ ಬೆಳ್ಳಗಿರುತ್ತದೆ, ಸುತ್ತ ಇನ್ನೊಂದು ಹಳದಿ ಉಂಗುರ ಇರುತ್ತದೆ. ದೊಡ್ಡ ಅಚ್ಚಿನಲ್ಲಿ ಸಣ್ಣ ರೊಟ್ಟಿ ಇಟ್ಟಂತೆ. ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆದರೆ ನೋಡದಿದ್ದರೆ? ಏಳು ವರ್ಷದ ಹುಡುಗಿಯೊಬ್ಬಳನ್ನು ನನ್ನ ಹತ್ತಿರ ಕರೆತಂದಿದ್ದರು. ಬೇರೊಂದು ಕಡೆ ‘ಸೋಮಾರಿ ಕಣ್ಣು’ ಎಂದು ಎರಡು ವರ್ಷ ಅವಳ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿಸಿದ್ದರು. ಒಳಗೆ ಹನಿ ಹಾಕಿ ಯಾರೂ ನೋಡಿರಲಿಲ್ಲ. ನೋಡಿದರೆ ಆ ಉಂಗುರ. ಎರಡು ವರ್ಷ ಆ ಮಗು ಶಾಲೆಯಲ್ಲಿ ಕಾಣದ ಕಣ್ಣಿನಿಂದ ಓದಲು ಒದ್ದಾಡಿ ಬೈಸಿಕೊಂಡಿತ್ತು. ಅವಳ ತಾಯಿ ಎಂದೂ ಕುಡಿದವರಲ್ಲ. ನರ ಸಣ್ಣದಾಗಿದ್ದರೆ ತಾಯಿ ಕುಡಿದಿದ್ದಳು ಎಂದು ತೀರ್ಪು ಕೊಡುವವರಿಗಾಗಿ ಇದನ್ನು ಹೇಳುತ್ತಿದ್ದೇನೆ. ಕಾರಣ ಗೊತ್ತಾಗದೆಯೂ ಹಾಗೆ ಆಗುತ್ತದೆ.

ನಿಮ್ಮ ಎಡಗಣ್ಣಿನಲ್ಲೂ ಅದೇ ಕಂಡರೆ, ಅದನ್ನು ಬೆಳೆಸುವ ಔಷಧ, ಆಪರೇಷನ್ ಇಲ್ಲ. ಸ್ಟೆಮ್ ಸೆಲ್ ಹಾಕಿ ಸರಿ ಮಾಡುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರು ಇದ್ದಾರೆ, ಅವರ ಕಡೆ ಹೋಗಿ ಹೊಲ ಅಡವಿಡಬೇಡಿ. ಅದು ಸಣ್ಣ ನರವಲ್ಲದೆ, ಚಿಕ್ಕಂದಿನಲ್ಲಿ ಸರಿಯಾದ ಚಸ್ಮಾ ಸಿಗದೆ ಹಿಂದುಳಿದ ಕಣ್ಣಾಗಿರಲೂಬಹುದು. ಈ ವಯಸ್ಸಿಗೆ ಅದೂ ಹೆಚ್ಚು ಸುಧಾರಿಸುವುದಿಲ್ಲ. ಹಾಗಾದರೆ ಪರೀಕ್ಷೆ ಯಾಕೆ ಎಂದರೆ, ನಿಮ್ಮ ಬಲಗಣ್ಣಿಗಾಗಿ. ಮೈನಸ್ 9 ಕಣ್ಣಿನಲ್ಲಿ ರೆಟಿನಾ ತೆಳ್ಳಗಾಗಿ ಅಂಚಿನಲ್ಲಿ ತೂತು ಬೀಳುವ ಅಪಾಯ ಉಂಟು. ನೀವು ನಡೆಸುತ್ತಿರುವುದು ಆ ಒಂದು ಕಣ್ಣಿನ ಮೇಲೆ. ಮಿಂಚು ಹೊಡೆದಂತೆ ಕಂಡರೆ, ಕಪ್ಪು ಚುಕ್ಕೆಗಳ ಮಳೆ ಸುರಿದಂತಾದರೆ, ಒಂದು ಬದಿಯಿಂದ ಪರದೆ ಬಿದ್ದಂತಾದರೆ ಅದೇ ದಿನ ಆಸ್ಪತ್ರೆಗೆ ಬರಬೇಕು. ಹಾಗೆಯೇ, ‘ನಂಬರು ದೊಡ್ಡದು, ಹೆರಿಗೆಯಲ್ಲಿ ಮುಕ್ಕಿದರೆ ಕಣ್ಣು ಹೋಗ್ತದೆ, ಆಪರೇಷನ್ನೇ ಆಗಬೇಕು’ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಬರೀ ಮೈನಸ್ ನಂಬರಿನ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ.

ಮಗನ ವಿಷಯದಲ್ಲಿ ಮಾತ್ರ ನನಗೆ ಅವಸರವಿದೆ. ಅವನ ಕಣ್ಣು ಹುಟ್ಟಿದಾಗಿನಿಂದ ಮೆಳ್ಳಗಿಲ್ಲ, ಹತ್ತಿರದ್ದನ್ನು ನೋಡುವಾಗ ಹೆಚ್ಚು ತಿರುಗುತ್ತದೆ. ಇಂಥ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಇರುವುದು ಪ್ಲಸ್ ನಂಬರು. ಪ್ಲಸ್ ಕಣ್ಣಿನ ಮಗು ಸ್ಪಷ್ಟವಾಗಿ ನೋಡಲು ಒಳಗಿನ ಸ್ನಾಯುವನ್ನು ಬಿಗಿಯಬೇಕು. ಆ ಬಿಗಿತದ ಜೊತೆಗೇ ಕಣ್ಣು ಮೂಗಿನ ಕಡೆ ಎಳೆಯುತ್ತದೆ. ಮೊಬೈಲಿನಿಂದ ಈ ತೊಂದರೆ ಹುಟ್ಟಲಿಲ್ಲ, ಮೊಬೈಲು ಅದನ್ನು ಎತ್ತಿ ತೋರಿಸಿತು. ಸರಿಯಾದ ಚಸ್ಮಾ ಹಾಕಿದರೆ ಇಂಥ ಕಣ್ಣು ಎಷ್ಟೋ ಸಲ ಆಪರೇಷನ್ನೇ ಇಲ್ಲದೆ ನೆಟ್ಟಗಾಗುತ್ತದೆ. ತಾಯಿಗೆ ಮೈನಸ್ 9, ಮಗನಿಗೆ ಪ್ಲಸ್ ಎಂದರೆ ಅದು ‘ಮೂರು ತಲೆಯ ಶಾಪ’ ಹೇಗಾದೀತು? ಎರಡೂ ಬೇರೆ ಬೇರೆ ತೊಂದರೆಗಳು.

ಪರೀಕ್ಷೆ ಹೇಗೆಂದರೆ, ಕಣ್ಣಿನೊಳಗಿನ ಆ ಸ್ನಾಯುವನ್ನು ಸಡಿಲಿಸಲು ಮೂರು ದಿನ ಮೊದಲು ಅಟ್ರೋಪಿನ್ ಮುಲಾಮು ಬರೆದುಕೊಡುತ್ತೇವೆ. ದಿನಕ್ಕೆ ಎರಡು ಸಲ, ಅಕ್ಕಿಕಾಳಿನಷ್ಟು, ಕೆಳರೆಪ್ಪೆಯ ಒಳಗೆ. ಆಮೇಲೆ ಒಂದೆರಡು ವಾರ ಅವನಿಗೆ ಹತ್ತಿರದ್ದು ಮಬ್ಬಾಗುತ್ತದೆ, ಬಿಸಿಲು ಚುಚ್ಚುತ್ತದೆ. ಅದು ತಾನಾಗಿ ಹೋಗುತ್ತದೆ. ಮುಖ ಕೆಂಪೇರಿ ಮೈ ಬಿಸಿಯಾದರೆ, ಮಗು ಬಡಬಡಿಸಿದರೆ ಮುಲಾಮು ನಿಲ್ಲಿಸಿ ಫೋನ್ ಮಾಡಬೇಕು. ಟ್ಯೂಬನ್ನು ಅವನ ಕೈಗೆ ಸಿಗದಂತೆ ಎತ್ತರದಲ್ಲಿಡಿ. ಅದು ಬಾಯಿಗೆ ಹೋದರೆ ವಿಷ. ಈ ಪರೀಕ್ಷೆ ಇಲ್ಲದೆ ಬರೀ ಕಂಪ್ಯೂಟರಿನಲ್ಲಿ ನೋಡಿ ಕೊಟ್ಟ ನಂಬರು ನಾಲ್ಕು ವರ್ಷದವನಿಗೆ ನಂಬಿಕೆಗೆ ಬಾರದು. ಅದೇ ಹೊತ್ತಿಗೆ ರೆಟಿನಾವನ್ನೂ ನೋಡುತ್ತೇವೆ. ಯಾಕೆಂದರೆ ಅಪರೂಪಕ್ಕೆ ಮೆಳ್ಳಗಣ್ಣು ಕಣ್ಣಿನೊಳಗಿನ ಗಡ್ಡೆಯ ಮೊದಲ ಗುರುತಾಗಿರುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ ಹೊಳೆದಿದ್ದರೆ ಒಂದು ದಿನವೂ ಕಾಯಬಾರದು.

ಮೆಳ್ಳಗಣ್ಣು ಅದೃಷ್ಟ ಎಂದೋ, ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತದೆ ಎಂದೋ ಬಿಟ್ಟವರ ಮಕ್ಕಳನ್ನು ಹನ್ನೆರಡನೇ ವಯಸ್ಸಿಗೆ ನೋಡುವುದು ನನ್ನ ಕೆಲಸದಲ್ಲಿ ಅತ್ಯಂತ ನೋವಿನ ಭಾಗ. ತಿರುಗಿದ ಕಣ್ಣಿನಿಂದ ಬರುವ ಚಿತ್ರವನ್ನು ಮಿದುಳು ಬೇಡವೆಂದು ತಳ್ಳುತ್ತದೆ. ಏಳು ವರ್ಷದೊಳಗಾದರೆ ಚಸ್ಮಾ, ಒಳ್ಳೆಯ ಕಣ್ಣಿಗೆ ದಿನಕ್ಕೆ ಎರಡು ಗಂಟೆಯಷ್ಟು ಪಟ್ಟಿ, ಇಷ್ಟರಿಂದಲೇ ಎಷ್ಟೋ ಕಣ್ಣು ತಿರುಗಿ ಕೆಲಸಕ್ಕೆ ಬರುತ್ತವೆ. ಅದು ದಾಟಿದರೆ ವರ್ಷದಿಂದ ವರ್ಷಕ್ಕೆ ಕಷ್ಟ. ನಿಮ್ಮ ಮಗನಿಗೆ ನಾಲ್ಕು. ಇದು ಸರಿಯಾದ ಹೊತ್ತು.

ಇನ್ನು ಅತ್ತೆಯವರ ‘ಮೂರು ತಲೆ’. ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ, ಆದರೆ ವಿಜ್ಞಾನಿಗಳು ಇದೇ ಪ್ರಶ್ನೆಯನ್ನು ನಿಜವಾಗಿಯೂ ಕೇಳುತ್ತಿದ್ದಾರೆ. ಹೆಣ್ಣುಕೂಸಿನ ಅಂಡಾಣುಗಳೆಲ್ಲ ಅದು ತಾಯಿಯ ಹೊಟ್ಟೆಯಲ್ಲಿರುವಾಗಲೇ ತಯಾರಾಗುತ್ತವೆ. ಐದನೇ ತಿಂಗಳ ಹೊತ್ತಿಗೆ 60–70 ಲಕ್ಷ ಇರುತ್ತವೆ, ಹುಟ್ಟುವ ಮೊದಲೇ ಬಹುಪಾಲು ಕರಗಿಹೋಗುತ್ತವೆ. ಅಂದರೆ ನಿಮ್ಮ ಮಗ ಯಾವ ಅಂಡಾಣುವಿನಿಂದ ಬಂದನೋ ಅದು, ನಿಮ್ಮವ್ವ ಗದ್ದೆಯಲ್ಲಿ ನಾಟಿ ಹಚ್ಚುವಾಗ, ಅವರ ಹೊಟ್ಟೆಯೊಳಗಿನ ನಿಮ್ಮ ಹೊಟ್ಟೆಯೊಳಗೆ ಇತ್ತು. ಅವರು ಕುಡಿದದ್ದು ಆ ಅಂಡಾಣುವಿಗೂ ತಾಗಿತ್ತು. ಅಷ್ಟು ನಿಜ.

ತಾಗಿದ್ದರಿಂದ ಏನಾಯಿತು ಎನ್ನುವುದು ಬೇರೆ ಮಾತು. ಆಲ್ಕೋಹಾಲು ಜೀನಿನ ಅಕ್ಷರಗಳನ್ನು ಅಳಿಸಿ ಬರೆಯಬೇಕಿಲ್ಲ. ಯಾವ ಜೀನು ಎಷ್ಟು ಮಾತಾಡಬೇಕು ಎಂದು ಹೇಳುವ ರಾಸಾಯನಿಕ ಗುರುತುಗಳನ್ನು ಅದು ಬದಲಿಸಬಲ್ಲದು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ದೀಪಕ್ ಸರ್ಕಾರ್ ಅವರ ತಂಡ 2012ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿತು. ಬಸಿರಿನಲ್ಲಿ ಆಲ್ಕೋಹಾಲ್ ಸೋಕಿದ ಮರಿಗಳ ಒಂದು ಜೀನಿನ ಮೇಲೆ ಬಿದ್ದ ಗುರುತು ಗಂಡಿಲಿಗಳ ಮೂಲಕ ಮೂರನೇ ತಲೆಮಾರಿನವರೆಗೂ ಹೋಯಿತು. ಹೆಣ್ಣಿಲಿಗಳ ಮೂಲಕ ಹಾಗೆ ಮುಂದುವರಿಯಲಿಲ್ಲ. ಇಲ್ಲಿ ಎರಡು ಮಾತನ್ನು ಗಮನಿಸಿ. ಆ ಜೀನು ದೇಹ ಒತ್ತಡವನ್ನು ತಾಳುವ ವ್ಯವಸ್ಥೆಗೆ ಸೇರಿದ್ದು, ಕಣ್ಣಿನದಲ್ಲ. ಮತ್ತೆ, ಪ್ರಯೋಗಶಾಲೆಯ ಇಲಿಗಳಿಗೆ ಕೊಟ್ಟದ್ದು ಅಳತೆಯ ಆಲ್ಕೋಹಾಲ್, ಉಣಿಸಿದ್ದು ಅಳತೆಯ ಆಹಾರ. ಮನುಷ್ಯರಲ್ಲಿ, ಅಜ್ಜಿ ಬಸಿರಲ್ಲಿ ಕುಡಿದದ್ದರಿಂದ ಮೊಮ್ಮಗನ ಕಣ್ಣು ಕೆಟ್ಟಿತು ಎಂದು ಹೇಳುವ ಪುರಾವೆ ಇವತ್ತಿನವರೆಗೆ ಇಲ್ಲ. ನಡುವೆ ತಾಯಿಯೂ ಬಸಿರಲ್ಲಿ ಕುಡಿದಿದ್ದರೆ ಮಾತ್ರ ತೊಂದರೆ ಮತ್ತೆ ಬರುತ್ತದೆ, ಅದು ರಕ್ತದಿಂದಲ್ಲ, ಆ ಬಸಿರಲ್ಲಿ ಮತ್ತೆ ಕುಡಿದದ್ದರಿಂದ. ಕುಡಿತವಿರುವ ಮನೆಗಳಲ್ಲಿ ಅದು ತಲೆಮಾರಿನಿಂದ ತಲೆಮಾರಿಗೆ ಹೋದಂತೆ ಕಾಣಲು ಇದೇ ದೊಡ್ಡ ಕಾರಣ.

ನಿಮ್ಮ ಮನೆಯಲ್ಲಿ ತಲೆಮಾರುಗಳ ಬಗ್ಗೆ ಕೇಳಬೇಕಾದ ಬೇರೊಂದು ಪ್ರಶ್ನೆ ಇದೆ. ಯಾರೂ ಅದನ್ನು ಎತ್ತಿಲ್ಲ. ನೀವು ಮತ್ತು ನಿಮ್ಮ ಗಂಡ ಒಂದೇ ಅಜ್ಜ-ಅಜ್ಜಿಯ ಮೊಮ್ಮಕ್ಕಳು. ನಿಮ್ಮಿಬ್ಬರ ಜೀನುಗಳಲ್ಲಿ ಸುಮಾರು ಎಂಟರಲ್ಲಿ ಒಂದು ಪಾಲು ಒಂದೇ ಮೂಲದ್ದು. ಆ ಅಜ್ಜ-ಅಜ್ಜಿಯಲ್ಲಿ ಯಾರಿಗಾದರೂ ಹೊರಗೆ ಕಾಣದ ಒಂದು ದೋಷದ ಜೀನು ಇದ್ದರೆ, ಅದು ಎರಡೂ ಕಡೆಯಿಂದ ಬಂದು ಮಗುವಿನಲ್ಲಿ ಜೋಡಿಯಾಗಬಹುದು. ಹುಟ್ಟಿನಿಂದಲೇ ಬರುವ ಪೊರೆ, ಇರುಳುಗಣ್ಣು ತರುವ ರೆಟಿನಾ ಕಾಯಿಲೆ, ತೀರ ಸಣ್ಣ ಕಣ್ಣುಗುಡ್ಡೆ, ಇವುಗಳಲ್ಲಿ ಕೆಲವು ಹೀಗೆ ಬರುತ್ತವೆ. ಯಾವ ಸಂಬಂಧವೂ ಇಲ್ಲದ ದಂಪತಿಗಳ ಮಕ್ಕಳಲ್ಲಿ ಹುಟ್ಟುದೋಷ ನೂರಕ್ಕೆ ಎರಡು-ಮೂರು ಇದ್ದರೆ, ಅತ್ತೆ-ಮಾವನ ಮಕ್ಕಳು ಮದುವೆಯಾದಾಗ ಅದು ಸುಮಾರು ಎರಡು ಪಟ್ಟು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಎರಡು ಪಟ್ಟು ಎಂದರೂ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಹಾಗೆಯೇ ‘ದೋಷ ಅತ್ತೆಯ ಕಡೆಯದಂತೆ’ ಎಂದು ಮನೆಯಲ್ಲಿ ತಿರುಗಿಸಿ ಹೇಳಲು ಈ ಮಾತನ್ನು ಬಳಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಒಬ್ಬ ಹೆಣ್ಣುಮಗಳ ತಲೆಯಿಂದ ಇಳಿಸಿದ ಹೊರೆಯನ್ನು ಇನ್ನೊಬ್ಬಳ ತಲೆಗೆ ಹೊರಿಸಲು ನಾನು ಇದನ್ನು ಬರೆಯುತ್ತಿಲ್ಲ. ಮಗನ ಕಣ್ಣಿನಲ್ಲಿ ಬರೀ ಪ್ಲಸ್ ನಂಬರು ಕಂಡರೆ ಈ ದಾರಿಯಲ್ಲಿ ಹೆಚ್ಚು ಹೋಗಬೇಕಿಲ್ಲ. ನಿಮ್ಮ ಅಥವಾ ಅವನ ರೆಟಿನಾದಲ್ಲಿ, ನರದಲ್ಲಿ ದೋಷ ಕಂಡರೆ ಬೆಂಗಳೂರಿನಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಮಾಡುವವರ ಹತ್ತಿರ ಬರೆದು ಕಳಿಸುತ್ತೇವೆ. ಆ ಪರೀಕ್ಷೆಗೆ ದುಡ್ಡಾಗುತ್ತದೆ, ಮಾಡಿಸಿದರೂ ಎಲ್ಲರಿಗೂ ಸ್ಪಷ್ಟ ಉತ್ತರ ಸಿಗುವುದಿಲ್ಲ.

ಜಾತ್ರೆಯ ಬೀರು. ಬಸಿರಿನಲ್ಲಿ ಇಷ್ಟು ಕುಡಿದರೆ ಏನೂ ಆಗದು ಎಂಬ ಅಳತೆಯನ್ನು ಯಾರೂ ಕಂಡುಹಿಡಿದಿಲ್ಲ, ಆದ್ದರಿಂದ ‘ಏನೂ ಆಗಿಲ್ಲ’ ಎಂದು ಬರೆದುಕೊಡಲು ನನಗೆ ಬರುವುದಿಲ್ಲ. ಆದರೆ ಕಣ್ಣಿನ ನರ ಸಣ್ಣದಾದ ಮಕ್ಕಳ ತಾಯಂದಿರು ಬಹುತೇಕ ತಿಂಗಳುಗಟ್ಟಲೆ, ಹೆಚ್ಚು ಪ್ರಮಾಣದಲ್ಲಿ ಕುಡಿದವರು. ಎರಡು ಸಲ ಒಂದೊಂದು ಗ್ಲಾಸು ಆ ಸಾಲಿಗೆ ಬರುವುದಿಲ್ಲ. ಇವತ್ತಿನಿಂದ ಒಂದು ತೊಟ್ಟೂ ಬೇಡ. ಬೀರು ಹಗುರ, ಶೇಂದಿ ಮರದ ಹಾಲು, ಬ್ರಾಂದಿ ಬಾಣಂತಿಗೆ ಔಷಧ ಎಂಬ ವ್ಯತ್ಯಾಸ ಕೂಸಿಗೆ ಗೊತ್ತಿಲ್ಲ, ಎಲ್ಲದರಲ್ಲೂ ಇರುವುದು ಅದೇ ಆಲ್ಕೋಹಾಲು. ನಮ್ಮ ಕಡೆ ಶೇಂದಿಯದು ಇನ್ನೊಂದು ಕೇಡು. ಮುಂಜಾನೆ ಇಳಿಸಿದ್ದು ಸಂಜೆಗೆ ಹುಳಿಯೇರಿ ಎಷ್ಟು ಶಕ್ತಿಯದಾಯಿತೋ ಕುಡಿಯುವವರಿಗೇ ತಿಳಿಯದು. ಮೇಲೆ ಸಿ.ಎಚ್. ಪೌಡರ್ ಎನ್ನುವ ಕ್ಲೋರಲ್ ಹೈಡ್ರೇಟ್ ಕಲಸಿ ಮಾರುವ ದಂಧೆ. ಅದು ನಿದ್ದೆ ತರುವ ರಾಸಾಯನಿಕ, ಅದೂ ಮಾಸು ದಾಟಿ ಹೋಗುತ್ತದೆ. ಇಲ್ಲಿ ಇನ್ನೊಂದು ಎಚ್ಚರ: ದಿನಾ ಕುಡಿಯುತ್ತಿದ್ದ ಬಸುರಿ ಯಾರಾದರೂ ಇದನ್ನು ಓದಿ ಇವತ್ತೇ ಒಮ್ಮೆಲೇ ನಿಲ್ಲಿಸಿದರೆ, ಕೈನಡುಕ, ಫಿಟ್ಸ್ ಬರುವ ಅಪಾಯವಿದೆ. ಅಂಥವರು ಆಸ್ಪತ್ರೆಯಲ್ಲೇ ಬಿಡಬೇಕು.

ರೆಟಿನೋಯಿಕ್ ಆಮ್ಲದ ಮಾತು ಓದಿ ಎ ಜೀವಸತ್ವದ ಮಾತ್ರೆ ತಂದು ನುಂಗಬೇಡಿ. ಬಸಿರಿನಲ್ಲಿ ಅದು ಹೆಚ್ಚಾದರೆ ಅದರಿಂದಲೇ ಹುಟ್ಟುದೋಷ ಬರಬಹುದು. ಅಂಗನವಾಡಿಯಲ್ಲಿ ಮಗನಿಗೆ ಕೊಡುವ ಎ ಜೀವಸತ್ವದ ಸಿರಪ್ ಬೇರೆ, ಅದನ್ನು ತಪ್ಪಿಸಬೇಡಿ. ನಿಮಗೆ ಬೇಕಾದದ್ದು ರಾಜಗಿರಿ, ನುಗ್ಗೆ ಸೊಪ್ಪು, ಪುಂಡಿಪಲ್ಯೆ, ಮೊಟ್ಟೆ, ಹಾಲು, ಆಶಾ ಕಾರ್ಯಕರ್ತೆ ಕೊಡುವ ಫೋಲಿಕ್ ಆಸಿಡ್ ಮತ್ತು ಮುಂದೆ ಕಬ್ಬಿಣದ ಮಾತ್ರೆ. ಊಟ ಸರಿಯಿಲ್ಲದ ಮೈಯಲ್ಲಿ ಆಲ್ಕೋಹಾಲಿನ ಹಾನಿ ಹೆಚ್ಚು ಎನ್ನುವುದು ಚೆನ್ನಾಗಿ ಗೊತ್ತಿರುವ ಸಂಗತಿ.

18–20 ವಾರಕ್ಕೆ ಸ್ಕ್ಯಾನ್ ಮಾಡಿಸಿ. ಎರಡೂ ಕಣ್ಣುಗುಡ್ಡೆ ಇವೆಯೇ, ಅಳತೆ ಸರಿಯಿದೆಯೇ ಎಂದು ಅದರಲ್ಲಿ ಕಾಣುತ್ತದೆ. ನರ ಸಣ್ಣದೋ ದೊಡ್ಡದೋ ಅದರಲ್ಲಿ ತಿಳಿಯುವುದಿಲ್ಲ, ಆದ್ದರಿಂದ ‘ಸ್ಕ್ಯಾನ್ ನಾರ್ಮಲ್’ ಎಂದ ಮೇಲೂ ಕೂಸು ಹುಟ್ಟಿದ ಆರು ವಾರಕ್ಕೆ ಒಮ್ಮೆ ನಮಗೆ ತೋರಿಸಿ.

ನಿಮ್ಮ ಗಂಡನಿಗೂ ಒಂದು ಮಾತು. ಗಂಡಸಿನ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಗಂಡಿಲಿಗಳಿಗೆ ಆಲ್ಕೋಹಾಲ್ ಕುಡಿಸಿ ನೋಡಿದ ಈಚಿನ ಪ್ರಯೋಗಗಳಲ್ಲಿ ತಾಯಿಗೆ ಏನೂ ಕೊಡದಿದ್ದರೂ ಮರಿಗಳ ಮುಖದ ಅಳತೆಯಲ್ಲಿ ವ್ಯತ್ಯಾಸ ಕಂಡಿದೆ. ಮನುಷ್ಯರಲ್ಲಿ ಇದು ಇನ್ನೂ ಸಾಬೀತಾಗಿಲ್ಲ. ಆದರೆ ‘ಕುಡಿದ ರಕ್ತ’ ಎಂದು ಹುಡುಕುವಾಗ ಬರೀ ಹೆಂಗಸರ ಕಡೆ ಬೆರಳು ತೋರಿಸಲು ವಿಜ್ಞಾನ ಯಾವ ಆಧಾರವನ್ನೂ ಕೊಟ್ಟಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಸಾವಿರಾರು ಹೆಣ್ಣುಮಕ್ಕಳಲ್ಲಿ ನಮ್ಮ ರಾಯಚೂರು ಜಿಲ್ಲೆಯವರೂ ಇದ್ದರು. ಮನೆಯಲ್ಲಿ ಕುಡಿತದ ಲೆಕ್ಕ ಯಾರ ಕಡೆ ಎಷ್ಟಿದೆ ಎಂದು ಅವರಿಗೆ ಗೊತ್ತು. ನೀವು ಕುಡಿಯದೆ ಇರಬೇಕೆಂದರೆ ನಿಮ್ಮ ಗಂಡ ಮನೆಗೆ ಬಾಟಲಿ ತರಬಾರದು. ಅವರನ್ನೂ ಜೊತೆಗೆ ಕರೆದುಕೊಂಡು ಬಂದರೆ ನಾನೇ ಹೇಳುತ್ತೇನೆ.

ಎಲ್ಲಿಗೆ ಬರಬೇಕು ಎಂದು ಕೇಳಿದ್ದೀರಿ. ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ರಿಮ್ಸ್‌ನ ಕಣ್ಣಿನ ವಿಭಾಗಕ್ಕೆ ಬನ್ನಿ, ಅಥವಾ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ. ಅಷ್ಟರೊಳಗೆ ನಿಮ್ಮ ಅಂಗನವಾಡಿಗೆ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬಂದರೆ ಮಗನನ್ನು ತೋರಿಸಿ ಚೀಟಿ ಬರೆಸಿಕೊಳ್ಳಿ. ನಿಮ್ಮ ಹಳೆಯ ಚಸ್ಮಾಗಳನ್ನು ಎಸೆದಿರದಿದ್ದರೆ ತನ್ನಿ, ಯಾವ ವಯಸ್ಸಿಗೆ ಎಷ್ಟು ನಂಬರಿತ್ತು ಎಂದು ಅವೇ ಹೇಳುತ್ತವೆ. ಮಗನ ಒಂದು ವರ್ಷದ, ಎರಡು ವರ್ಷದ ಫೋಟೋ ಮೊಬೈಲಿನಲ್ಲಿದ್ದರೆ ಅಳಿಸಬೇಡಿ.

ಅವ್ವನನ್ನೂ ಕರೆದುಕೊಂಡು ಬನ್ನಿ. ಬಸುರಿ ಕುಡಿಯಬಾರದು ಎಂದು ಆ ಕಾಲಕ್ಕೆ ಅವರಿಗೆ ಯಾರೂ ಹೇಳಿರಲಿಲ್ಲ. ಕೆಸರಲ್ಲಿ ದಿನವಿಡೀ ಬಗ್ಗಿದ ಸೊಂಟಕ್ಕೆ ಯಾರೂ ಬೇರೆ ಔಷಧ ಕೊಟ್ಟಿರಲಿಲ್ಲ. ಕೇಳಿದಾಗ ಮುಚ್ಚಿಡದೆ ಮಗಳಿಗೆ ಹೇಳಿದರಲ್ಲ, ನಮಗೆ ಅದರಿಂದ ನಿಜವಾಗಿ ಉಪಕಾರವಾಗಿದೆ. ಹೆಚ್ಚಿನವರು ಹೇಳುವುದಿಲ್ಲ. ಸಂಜೆ ಮಂಜಾಗುತ್ತದೆ ಎಂದು ಬರೆದಿದ್ದೀರಿ. ಈ ವಯಸ್ಸಿಗೆ ಅದು ಪೊರೆಯ ಶುರು ಇರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು. ಬೆಳಿಗ್ಗೆ ಏನೂ ತಿನ್ನದೆ ಬಂದರೆ ರಕ್ತವನ್ನೂ ಅಲ್ಲೇ ನೋಡಿಬಿಡುತ್ತೇವೆ, ರಕ್ತ ಕೊಟ್ಟ ತಕ್ಷಣ ಉಣ್ಣಲು ಬುತ್ತಿ ಕಟ್ಟಿಕೊಂಡು ಬನ್ನಿ. ಮೊದಲು ಅವರ ಕಣ್ಣಿಗೇ ಹನಿ ಹಾಕಿ ಕೂರಿಸೋಣ, ಅದು ಅರಳುವಷ್ಟರಲ್ಲಿ ಮೊಮ್ಮಗನದು ನೋಡಿ ಆಗುತ್ತದೆ.